ಬರಿಗಾಲಿನ ಅಯ್ಯರ್, ಬೆಳ್ಳಿ ಕಮಲ ಮತ್ತು ನಮ್ಮೂರಿನ ಟೆಂಟು

‘ಪ್ರಶಸ್ತಿ ಬಂದ ಪಿಚ್ಚರ್ ಅಂದ್ರೆ ಓಡದ ಪಿಚ್ಚರ್ ಅಂತಾನೇ ಅರ್ಥವಾ ಸಾರ್?’

ಸಿನಿಮಾ ಬಗ್ಗೆ ನಾಲ್ಕಕ್ಷರ ಬರೆಯುವವನು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ತಪ್ಪಿದ್ದಲ್ಲ. ಹೊಳಲ್ಕೆರೆ ಬಸ್ಸಿನ ಕಂಡಕ್ಟರು ಕೇಳಿದ್ದಾರೆ, ನಮ್ಮ ಹೊರಕೆರೆದೇವಪುರದ ಟೀ ಅಂಗಡಿಯಲ್ಲಿ ಕೇಳಿದ್ದಾರೆ, ಹೊಸದುರ್ಗದ ಕಡೆಯಿಂದ ಬಂದ ಕಾರ್ಡಿನಲ್ಲೂ ಕೇಳಿದ್ದಾರೆ. ಕೇಳುವ ಧಾಟಿಯಲ್ಲಿ ಅರ್ಧ ಕುಚೋದ್ಯ, ಅರ್ಧ ಸಿಟ್ಟು. ಕುಚೋದ್ಯಕ್ಕೆ ಕುಚೋದ್ಯದಲ್ಲೇ ಉತ್ತರ ಹೇಳಿ ಜಾರಿಕೊಳ್ಳಬಹುದು. ಆದರೆ ಆ ಸಿಟ್ಟಿನಲ್ಲಿ ನ್ಯಾಯ ಇದೆ ನೋಡಿ, ಅದಕ್ಕೇ ಈ ವಾರದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಒಬ್ಬ ನಿರ್ದೇಶಕರನ್ನು ಹಿಡಿದುಕೊಂಡು ಮಾತಾಡೋಣ, ಆಗ ಲೆಕ್ಕ ಸುಲಭ. ಪ್ರಶಸ್ತಿ ಅಂದ ಕೂಡಲೆ ನಿಮ್ಮ ಬಾಯಿಗೆ ಬರುವ ಹೆಸರು ಗಿರೀಶ್ ಕಾಸರವಳ್ಳಿ. ತಪ್ಪಿಲ್ಲ. ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997), ‘ದ್ವೀಪ’ (2001), ಹೀಗೆ ನಾಲ್ಕು ಸ್ವರ್ಣ ಕಮಲ ತಂದವರು ಅವರು. ಆದರೂ ಇವತ್ತು ನಾನು ಆರಿಸಿಕೊಂಡಿರುವುದು ಜಿ.ವಿ. ಅಯ್ಯರ್ ಅವರನ್ನು. ಎರಡು ಕಾರಣ. ಒಂದು, ಗಲ್ಲಾಪೆಟ್ಟಿಗೆಯ ದಾರಿ, ಪ್ರಶಸ್ತಿಯ ದಾರಿ ಎರಡನ್ನೂ ಬರಿಗಾಲಲ್ಲಿ ನಡೆದವರು ಅವರು. ಎರಡು, ಅವರಿಗೆ ನಿರ್ದೇಶಕರಾಗಿ ಮೊದಲ ರಾಷ್ಟ್ರಮಟ್ಟದ ಹೆಸರು ತಂದ ‘ಹಂಸಗೀತೆ’ ನಮ್ಮ ದುರ್ಗದ ಕಥೆ. ನಮ್ಮ ಜಿಲ್ಲೆಯವರು ಆ ಕಮಲದಲ್ಲಿ ಒಂದು ದಳ ನಮ್ಮದು ಅಂತ ಹಕ್ಕಿನಿಂದ ಕೇಳಬಹುದು.

ಬರಿಗಾಲು ಅಂದದ್ದು ಅಲಂಕಾರಕ್ಕಲ್ಲ. ಗಾಂಧೀಜಿ ತೀರಿಕೊಂಡ ಮೇಲೆ ಅಯ್ಯರ್ ಚಪ್ಪಲಿ ಮೆಟ್ಟುವುದನ್ನೇ ಬಿಟ್ಟವರು. ಡೆಲ್ಲಿಯೇ ಇರಲಿ, ಮದರಾಸೇ ಇರಲಿ, ಬರಿಗಾಲೇ. 1917ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಂಪನಿ ಸೇರಿ, ಬಣ್ಣ ಹಚ್ಚಿಕೊಂಡು ಬೆಳೆದ ಜೀವ. 1954ರ ‘ಬೇಡರ ಕಣ್ಣಪ್ಪ’ ನೆನಪಿದೆಯಲ್ಲ? ರಾಜ್‌ಕುಮಾರ್ ನಾಯಕರಾಗಿ ಬಂದ ಚಿತ್ರ. ನರಸಿಂಹರಾಜು ಅದರಲ್ಲಿದ್ದರು, ಅಯ್ಯರ್ ಅವರೂ ಇದ್ದರು. ಕನ್ನಡ ಕಲಾವಿದರಿಗೆ ಕೆಲಸವಿಲ್ಲದೆ ಪರದಾಡುವ ಹೊತ್ತಿನಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ನಾಲ್ವರೂ ಕೈಜೋಡಿಸಿ ತೆಗೆದದ್ದು ‘ರಣಧೀರ ಕಂಠೀರವ’ (1960). ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣ್‌ಕುಮಾರ್ ಮೂವರೂ ಒಟ್ಟಿಗೆ ಬಂದ ‘ಭೂದಾನ’ (1962) ಅಯ್ಯರ್ ಅವರದೇ. ‘ಲಾಯರ್ ಮಗಳು’, ‘ಪೋಸ್ಟ್ ಮಾಸ್ಟರ್’, ‘ಕಿಲಾಡಿ ರಂಗ’... ಹಾಡು ಬರೆದರು, ಮಾತು ಬರೆದರು, ನಟಿಸಿದರು, ನಿರ್ಮಿಸಿದರು, ನಿರ್ದೇಶಿಸಿದರು. ನೆಲದ ಕ್ಲಾಸಿನವರಿಗೆ ಏನು ಬೇಕು ಅನ್ನೋದು ಗೊತ್ತಿಲ್ಲದ ಮನುಷ್ಯ ಅಲ್ಲ, ಇದನ್ನು ಜ್ಞಾಪಕ ಇಟ್ಟುಕೊಳ್ಳಿ.

ಹೀಗಿದ್ದ ಅಯ್ಯರ್ ಒಂದು ದಿನ ದಾರಿ ಬದಲಿಸಿದರು. ಭೈರಪ್ಪನವರ ‘ವಂಶವೃಕ್ಷ’ವನ್ನು ಚಿತ್ರ ಮಾಡಲು ಹಣ ಹಾಕಿ, ನಿರ್ದೇಶನವನ್ನು ಬಿ.ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡ್ ಅವರ ಕೈಗೆ ಕೊಟ್ಟರು. ತಾವೇ ಹತ್ತು ಚಿತ್ರ ನಿರ್ದೇಶಿಸಿದವರು, ಕುರ್ಚಿ ಬಿಟ್ಟು ಪಕ್ಕಕ್ಕೆ ನಿಂತರಲ್ಲ, ಎಷ್ಟು ಜನ ಮಾಡುತ್ತಾರೆ ಹೇಳಿ? 1971ರ ಸಾಲಿನಲ್ಲಿ ಆ ಇಬ್ಬರಿಗೂ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರದ ಒಂದು ಸಣ್ಣ ಪಾತ್ರದಲ್ಲಿ ಸಂಪತ್‌ಕುಮಾರ್ ಎಂಬ ಹುಡುಗನಿದ್ದ. ಮರುವರ್ಷ, 1972ರಲ್ಲಿ, ಪುಟ್ಟಣ್ಣ ಕಣಗಾಲ್ ಆ ಹುಡುಗನನ್ನು ನಮ್ಮ ದುರ್ಗದ ಬಂಡೆಗಳ ನಡುವೆ ನಿಲ್ಲಿಸಿ ರಾಮಾಚಾರಿ ಮಾಡಿದರು. ಮುಂದಿನದು ನಿಮಗೇ ಗೊತ್ತು, ವಿಷ್ಣುವರ್ಧನ್ ಹುಟ್ಟಿದ್ದು ಹಾಗೆ.

ಇಲ್ಲಿ ಸ್ವಲ್ಪ ನಿಲ್ಲಿ. ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ. ‘ಹಂಸಗೀತೆ’ಯೂ ಅದೇ ತ.ರಾ.ಸು. ಅವರದು. ಒಂದೇ ಲೇಖನಿ, ಒಂದೇ ದುರ್ಗ. ಒಂದು ಚಿತ್ರ ನಮ್ಮ ಹಟ್ಟಿ ಹಟ್ಟಿಗೂ ಬಂತು. ಒನಕೆ ಓಬವ್ವ ಅಂದರೆ ಇವತ್ತಿಗೂ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವುದು ಜಯಂತಿ ಅವರ ಮುಖ. 2018ರಲ್ಲಿ ಹೊಸ ಸೌಂಡು, ಹೊಸ ಬಣ್ಣ ಬಳಿಸಿಕೊಂಡು ಮತ್ತೆ ಥೇಟರಿಗೆ ಬಂದಾಗಲೂ ಜನ ಶಿಳ್ಳೆ ಹೊಡೆದರು. ಇನ್ನೊಂದು ಚಿತ್ರ 1975ರಲ್ಲಿ ಬಂತು, ಪ್ರಶಸ್ತಿ ತಂತು. ಅದರ ಪೋಸ್ಟರನ್ನು ನಮ್ಮ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ನಾನಂತೂ ಕಂಡದ್ದಿಲ್ಲ.

‘ಹಂಸಗೀತೆ’ ಯಾರ ಕಥೆ? ಭೈರವಿ ವೆಂಕಟಸುಬ್ಬಯ್ಯ ಎಂಬ ಸಂಗೀತಗಾರನ ಕಥೆ. ಭೈರವಿ ರಾಗ ಅವನ ಹೆಸರಿಗೇ ಅಂಟಿಕೊಂಡಿತ್ತು ಅಂದ ಮೇಲೆ ವಿದ್ಯೆ ಎಂಥದ್ದಿರಬೇಕು! ವಿದ್ಯೆಯ ಜೊತೆ ಗರ್ವ, ಗರ್ವದ ಜೊತೆ ಪತನ, ಪತನದ ಆಮೇಲೆ ಜ್ಞಾನ. ಕೊನೆಗೆ ದೊರೆಯ ಅಪ್ಪಣೆಯಾದಾಗ, ದೇವರಿಗೆ ಒಪ್ಪಿಸಿದ ಹಾಡನ್ನು ದೊರೆಗೆ ಹಾಡಲಾರೆ ಎಂದು ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡ ಎನ್ನುತ್ತದೆ ಕಥೆ. ಇದೇ ಕಾದಂಬರಿಯಿಂದ ಹಿಂದಿಯವರು 1956ರಲ್ಲೇ ‘ಬಸಂತ್ ಬಹಾರ್’ ಮಾಡಿದ್ದರು. ನಮ್ಮ ಭಾಷೆಗೆ ಅದು ಚಿತ್ರವಾಗಿ ಬರಲು ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು. ಅನಂತ್‌ನಾಗ್ ವೆಂಕಟಸುಬ್ಬಯ್ಯನಾದರು. ಸಂಗೀತಕ್ಕೆ ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತ. ಕಛೇರಿಯಲ್ಲಿ ಕೇಳುವ ಸಂಗೀತವನ್ನು ಕತ್ತರಿಸಿ ತುಂಡು ಮಾಡದೆ, ಹೊಡೆದಾಟ ಕುಣಿತಗಳ ಹಂಗಿಲ್ಲದೆ ಕಥೆ ಹೇಳಿದ ಚಿತ್ರ.

ದೊರೆಗೆ ಹಾಡಲಾರೆ ಎಂದವನ ಕಥೆಗೆ ದೊರೆಗಳೇ ಕರೆದು ಬಹುಮಾನ ಕೊಟ್ಟರು! 1975ರ ಸಾಲಿನ ಶ್ರೇಷ್ಠ ಕನ್ನಡ ಚಿತ್ರ ‘ಹಂಸಗೀತೆ’, ಶ್ರೇಷ್ಠ ಹಿನ್ನೆಲೆ ಗಾಯಕ ಬಾಲಮುರಳಿಕೃಷ್ಣ. ಅದೇ ಸಾಲಿನಲ್ಲಿ ಇಡೀ ದೇಶಕ್ಕೆ ಶ್ರೇಷ್ಠ ಚಿತ್ರ ಎನಿಸಿ ಸ್ವರ್ಣ ಕಮಲ ಗೆದ್ದದ್ದು ಕಾರಂತರ ‘ಚೋಮನ ದುಡಿ’. ಅಂದರೆ ಒಂದೇ ವರ್ಷ ಕನ್ನಡಕ್ಕೆ ಚಿನ್ನವೂ ಬಂತು, ಬೆಳ್ಳಿಯೂ ಬಂತು. ಅಂಥ ವರ್ಷ ಎಲ್ಲ ಭಾಷೆಗೂ ಒದಗಿ ಬರುವುದಿಲ್ಲ ಸ್ವಾಮಿ.

ಈಗ ಕಂಡಕ್ಟರ್ ಸಾಹೇಬರ ಪ್ರಶ್ನೆಗೆ ಬರೋಣ. ಪ್ರಶಸ್ತಿ ಅಂದರೆ ಏನು, ಅದು ಬರುವ ಬಗೆ ಹೇಗೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಪಡೆದ ಚಿತ್ರವನ್ನು ನಿರ್ಮಾಪಕರು ಅರ್ಜಿ ಹಾಕಿ ಕಳಿಸುತ್ತಾರೆ. ತೀರ್ಪುಗಾರರು ಕೂತು ನೋಡುತ್ತಾರೆ. ಆ ಚಿತ್ರ ಥೇಟರಿನಲ್ಲಿ ನೂರು ದಿನ ಓಡಿತೋ, ಒಂದೇ ದಿನಕ್ಕೆ ಎತ್ತಂಗಡಿಯಾಯಿತೋ, ಬಿಡುಗಡೆಯೇ ಆಗಿಲ್ಲವೋ, ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ‘ಪ್ರಶಸ್ತಿ ಬಂತು, ಅದಕ್ಕೇ ಓಡಲಿಲ್ಲ’ ಅನ್ನೋ ಗಣಿತವೇ ತಪ್ಪು. ‘ಬೇಡರ ಕಣ್ಣಪ್ಪ’ನಿಗೂ ರಾಷ್ಟ್ರಮಟ್ಟದ ಯೋಗ್ಯತಾಪತ್ರ ಬಂದಿತ್ತು, ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿದರು. ತ.ರಾ.ಸು. ಅವರದೇ ‘ಚಂದವಳ್ಳಿಯ ತೋಟ’ 1964ರಲ್ಲಿ ರಾಷ್ಟ್ರಪತಿಗಳ ಬೆಳ್ಳಿ ಪದಕ ತಂತು. ಮೊನ್ನೆ ಮೊನ್ನೆ 2022ರ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ ಶ್ರೇಷ್ಠ ನಟ ಆಗಲಿಲ್ಲವೇ? ಅದು ಓಡಿದ್ದನ್ನು ನಾನು ಹೇಳಬೇಕೆ?

ಹಾಗಾದರೆ ಪ್ರಶಸ್ತಿಯಿಂದ ನಿರ್ದೇಶಕನಿಗೆ ಸಿಗುವುದಾದರೂ ಏನು? ದುಡ್ಡು ಅಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡಿ. 2022ರ ಚಿತ್ರಗಳಿಗೆ ಕೊಟ್ಟ 70ನೇ ರಾಷ್ಟ್ರಪ್ರಶಸ್ತಿಯಲ್ಲಿ ಸ್ವರ್ಣ ಕಮಲಕ್ಕೆ 3 ಲಕ್ಷ, ರಜತ ಕಮಲಕ್ಕೆ 2 ಲಕ್ಷ ರೂಪಾಯಿ. ಒಂದು ಚಿತ್ರದ ಊಟೋಪಚಾರದ ಬಿಲ್ಲಿಗೂ ಸಾಲದು. ನಿಜವಾಗಿ ಸಿಗುವುದು ಮುಂದಿನ ಚಿತ್ರ. ಹೆಸರು ನೋಡಿ ಯಾರೋ ಬಾಗಿಲು ತೆಗೆಯುತ್ತಾರೆ, ‘ಈ ಮನುಷ್ಯನನ್ನು ನಂಬಬಹುದು’ ಅಂತ ಯಾವುದೋ ಸಂಸ್ಥೆ ಸಾಲ ಕೊಡುತ್ತದೆ. ದೊಡ್ಡ ಹೀರೋ ಇಲ್ಲದ, ಗಾಂಧಿನಗರದ ಫೈನಾನ್ಸು ಇಲ್ಲದ ನಿರ್ದೇಶಕನಿಗೆ ಪ್ರಶಸ್ತಿಯೇ ಜಾಮೀನು.

ಅಯ್ಯರ್ ಆ ಜಾಮೀನನ್ನು ಎಂಥ ಕೆಲಸಕ್ಕೆ ಬಳಸಿದರು ಕೇಳಿ. ಸಂಸ್ಕೃತದಲ್ಲಿ ಚಿತ್ರ ಮಾಡುತ್ತೇನೆ ಅಂತ ಹೊರಟರು! ಮನೆಯಲ್ಲಿ ಯಾರೂ ಆಡದ ಭಾಷೆ. ಯಾವ ಹಂಚಿಕೆದಾರ ಕೊಂಡಾನು? ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಹಣ ಹಾಕಿತು. 1983ರಲ್ಲಿ ‘ಆದಿ ಶಂಕರಾಚಾರ್ಯ’ ಬಂತು, ಸಂಸ್ಕೃತದ ಮೊಟ್ಟಮೊದಲ ಕಥಾಚಿತ್ರ. ಶ್ರೇಷ್ಠ ಚಿತ್ರಕ್ಕೆ ಸ್ವರ್ಣ ಕಮಲ, ಚಿತ್ರಕಥೆಗೆ ಅಯ್ಯರ್, ಛಾಯಾಗ್ರಹಣಕ್ಕೆ ಮಧು ಅಂಬಟ್, ಶಬ್ದಗ್ರಹಣಕ್ಕೆ ಎಸ್.ಪಿ. ರಾಮನಾಥನ್, ಹೀಗೆ ನಾಲ್ಕು ಪ್ರಶಸ್ತಿ ಒಂದೇ ಚಿತ್ರಕ್ಕೆ. ಆಮೇಲೆ ಕನ್ನಡದಲ್ಲಿ ‘ಮಧ್ವಾಚಾರ್ಯ’ (1986), ಬಾಲಮುರಳಿಯವರಿಗೆ ಈ ಸಲ ಸಂಗೀತ ನಿರ್ದೇಶನದ ಪ್ರಶಸ್ತಿ. ತಮಿಳಿನಲ್ಲಿ ‘ರಾಮಾನುಜಾಚಾರ್ಯ’ (1989). ಮತ್ತೆ ಸಂಸ್ಕೃತದಲ್ಲಿ ‘ಭಗವದ್ಗೀತೆ’, 1992ರ ಸಾಲಿನ ಸ್ವರ್ಣ ಕಮಲ. ಕೊನೆಗೆ ‘ಸ್ವಾಮಿ ವಿವೇಕಾನಂದ’, ಅದರಲ್ಲಿ ರಾಮಕೃಷ್ಣ ಪರಮಹಂಸರಾದ ಮಿಥುನ್ ಚಕ್ರವರ್ತಿಗೆ ಶ್ರೇಷ್ಠ ಪೋಷಕ ನಟ. ತಾನು ಗೆದ್ದದ್ದಷ್ಟೇ ಅಲ್ಲ, ಜೊತೆಗಿದ್ದವರನ್ನೂ ಗೆಲ್ಲಿಸಿದರು ನೋಡಿ.

ಒಂದು ವಿಚಿತ್ರ ಹೇಳುತ್ತೇನೆ. ಎರಡು ಸಲ ಅಯ್ಯರ್ ಅವರ ಚಿತ್ರ ದೇಶದಲ್ಲೇ ಶ್ರೇಷ್ಠ ಎನಿಸಿತಲ್ಲ, ಆ ಎರಡೂ ಸಲ ‘ಶ್ರೇಷ್ಠ ನಿರ್ದೇಶಕ’ ಪ್ರಶಸ್ತಿ ಬೇರೆಯವರಿಗೆ ಹೋಯಿತು. 1983ಕ್ಕೆ ‘ಖಂಡಹರ್’ ಮಾಡಿದ ಮೃಣಾಲ್ ಸೇನ್, 1992ಕ್ಕೆ ‘ಪದ್ಮಾ ನದೀರ್ ಮಾಝಿ’ ಮಾಡಿದ ಗೌತಮ್ ಘೋಷ್. ಊಟ ಶ್ರೇಷ್ಠ, ಅಡುಗೆ ಭಟ್ಟರು ಮಾತ್ರ ಪಕ್ಕದ ಮನೆಯವರು ಅಂದ ಹಾಗೆ! ನಿಯಮದ ಪ್ರಕಾರ ಶ್ರೇಷ್ಠ ಚಿತ್ರದ ಕಮಲ ನಿರ್ಮಾಪಕರಿಗೂ ನಿರ್ದೇಶಕರಿಗೂ ಸಲ್ಲುತ್ತದೆ, ಆದ್ದರಿಂದ ಅನ್ಯಾಯ ಅಂತ ಬೊಬ್ಬೆ ಹಾಕುವಂತಿಲ್ಲ. ಇನ್ನೊಂದು, ಇದು ಸಂತೋಷದ್ದು. ಅದೇ 1992ರ ಸಾಲಿನಲ್ಲಿ ಶ್ರೇಷ್ಠ ಗಾಯಕ ಯಾರು ಗೊತ್ತೆ? ‘ಜೀವನ ಚೈತ್ರ’ಕ್ಕೆ ಹಾಡಿದ ನಮ್ಮ ರಾಜ್‌ಕುಮಾರ್! 1954ರಲ್ಲಿ ‘ಬೇಡರ ಕಣ್ಣಪ್ಪ’ನಲ್ಲಿ ಒಟ್ಟಿಗೆ ಇದ್ದ ಇಬ್ಬರು ಮೂವತ್ತೆಂಟು ವರ್ಷದ ಮೇಲೆ ಒಂದೇ ಪಟ್ಟಿಯಲ್ಲಿ. ಒಬ್ಬರು ಜನಸಾಗರದ ನಡುವಿನಿಂದ ಅಲ್ಲಿಗೆ ಹೋದರು. ಇನ್ನೊಬ್ಬರು ಒಂಟಿ ದಾರಿಯಲ್ಲಿ ಹೋದರು.

ಆ ಒಂಟಿ ದಾರಿಯದೇ ನನ್ನ ಸಂಕಟ. ಪ್ರತಿ ಪ್ರಶಸ್ತಿಯೂ ಅಯ್ಯರ್ ಅವರನ್ನು ಒಂದೊಂದು ಮೆಟ್ಟಿಲು ಎತ್ತರಕ್ಕೆ ಏರಿಸಿತು, ಹಾಗೆಯೇ ನಮ್ಮ ಟೆಂಟಿನಿಂದ ಒಂದೊಂದು ಮೈಲಿ ದೂರಕ್ಕೆ ಕಳಿಸಿತು. ‘ರಣಧೀರ ಕಂಠೀರವ’ಕ್ಕೆ ಮಾತು ಬರೆದ ಕೈ ಕೊನೆಗೆ ಸಂಸ್ಕೃತಕ್ಕೆ ಹೋಯಿತು. ಅವರು ಹೋದದ್ದು ತಪ್ಪು ಅಂತ ನಾನು ಹೇಳಲಾರೆ. ಅಲ್ಲಿ ಕರೆದರು, ಹೋದರು. ಇಲ್ಲಿಯವರು ಕರೆದೆವೇ?

ಕರೆಯುವುದಕ್ಕೆ ನಮಗೆ ದಾರಿಯಾದರೂ ಎಲ್ಲಿತ್ತು ಅನ್ನುತ್ತೀರಿ. ಅದೂ ನಿಜವೇ. ಆ ಕಾಲದ ವ್ಯವಸ್ಥೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಪ್ರಿಂಟು ಅನ್ನೋದು ತಗಡಿನ ಡಬ್ಬದಲ್ಲಿ ಬರುವ ಪದಾರ್ಥ. ಮೊದಲು ಬೆಂಗಳೂರು, ಮೈಸೂರು, ದಾವಣಗೆರೆ. ಅಲ್ಲಿ ಸವೆದು, ಗೆರೆ ಬಿದ್ದು, ಆಮೇಲೆ ತಾಲ್ಲೂಕು, ಕಟ್ಟಕಡೆಗೆ ಟೂರಿಂಗ್ ಟಾಕೀಸು. ಸಂಜೆ ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಕೇಳಿಸಿದರೆ ಸುತ್ತ ನಾಲ್ಕು ಹಳ್ಳಿಯವರು ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ನೆಲ, ಬೆಂಚು, ಕುರ್ಚಿ, ಮೂರೇ ಜಾತಿ. ಹೊಸ ಅಲೆಯ ಚಿತ್ರಕ್ಕೆ ತೆಗೆಸುತ್ತಿದ್ದದ್ದೇ ಬೆರಳೆಣಿಕೆಯ ಪ್ರಿಂಟು. ಪಟ್ಟಣದಲ್ಲೇ ಬೆಳಗಿನ ಆಟಕ್ಕೆ ಒಂದು ವಾರ ಸಿಕ್ಕರೆ ಪುಣ್ಯ. ಡಬ್ಬ ನಮ್ಮ ಊರಿನ ಬಸ್ಸು ಹತ್ತುವ ಮೊದಲೇ ವಾಪಸ್ಸು ಹೋಗುತ್ತಿತ್ತು. ನಡುವೆ ಕೂತ ಹಂಚಿಕೆದಾರ ಹೇಳುತ್ತಿದ್ದದ್ದು ಒಂದೇ ಮಾತು: ‘ಹಳ್ಳಿ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ.’

ಅರ್ಥ ಆಗಲ್ಲವಂತೆ! ರಾತ್ರಿಯಿಡೀ ಬಯಲಾಟ ನೋಡುವ ಜನ, ಲಕ್ಷ್ಮೀನರಸಿಂಹಸ್ವಾಮಿ ತೇರಿನ ಹೊತ್ತಿಗೆ ಭಜನೆ ಮೇಳ ಕೇಳಿ ತಲೆದೂಗುವ ಜನ, ಅವರಿಗೆ ಒಬ್ಬ ಹಾಡುಗಾರನ ಗರ್ವಭಂಗದ ಕಥೆ ಅರ್ಥ ಆಗಲ್ಲವೇ? ಅದೂ ಕಥೆ ನಡೆಯುವುದು ಬಸ್ಸು ಹತ್ತಿದರೆ ಮುಟ್ಟುವ ದುರ್ಗದಲ್ಲಿ!

ಪಕ್ಷಪಾತವಿಲ್ಲದೆ ಹೇಳಬೇಕೆಂದರೆ, ಒಂದು ಕಾಲಕ್ಕೆ ಪ್ರಶಸ್ತಿ ನಮ್ಮ ಹಳ್ಳಿಗೂ ಚಿತ್ರ ತಂದದ್ದುಂಟು. ಎಂಬತ್ತರ ದಶಕದಲ್ಲಿ ದೂರದರ್ಶನದವರು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದರು, ಬಹುಪಾಲು ಪ್ರಶಸ್ತಿ ಬಂದವೇ. ಓಣಿಗೊಂದು ಟಿ.ವಿ., ಅದರ ಮುಂದೆ ಐವತ್ತು ತಲೆ. ಬಂಗಾಳಿ ಬಂದರೆ ಅರ್ಧ ಜನ ಎದ್ದು ಹೋಗೋರು. ಕನ್ನಡದ ಸರದಿ ಬಂದ ದಿನ ಮಾತ್ರ ಹೊಲದ ಕೆಲಸ ನಿಲ್ಲೋದು. ‘ಅವತ್ತು ನೋಡಿದ್ದು ಈವತ್ತಿಗೂ ಹಂಗೇ ಐತೆ ಕಣಪ್ಪ ಕಣ್ಣಾಗೆ’ ಅನ್ನುವ ಅಜ್ಜಂದಿರು ನಮ್ಮಲ್ಲಿದ್ದಾರೆ. ಅರ್ಥ ಆಗದಿದ್ದರೆ ನಲವತ್ತು ವರ್ಷ ಕಣ್ಣಲ್ಲಿ ನಿಲ್ಲುತ್ತಿತ್ತೇ?

ಮನ್ನಣೆ ತಡವಾಗಿ ಬರುವುದು ನಮ್ಮ ಜಿಲ್ಲೆಗೆ ಹೊಸದಲ್ಲ ಬಿಡಿ. ತಳುಕಿನ ತ.ರಾ.ಸು. ದುರ್ಗದ ಪಾಳೆಯಗಾರರ ಮೇಲೆ ಸಾಲು ಸಾಲು ಕಾದಂಬರಿ ಬರೆದರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅವರು ತೀರಿಕೊಂಡದ್ದು 1984ರಲ್ಲಿ. ಹಾರ ಹಾಕಿಸಿಕೊಳ್ಳಲು ಕೊರಳೇ ಇರಲಿಲ್ಲ. ಅಯ್ಯರ್ ಅವರಿಗೆ ಆ ಗತಿ ಬರಲಿಲ್ಲ, 2003ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ ಕಮಲಗಳು ಕೈಯಲ್ಲಿದ್ದವು. ಆದರೆ ತ.ರಾ.ಸು. ಅವರಿಗೆ ಓದುಗರು ಬದುಕಿದ್ದಾಗಲೇ ಸಿಕ್ಕಿದ್ದರು, ಪುಸ್ತಕಕ್ಕೆ ಮಂಡಿಯ ಹಂಗಿಲ್ಲ. ಕೈಯಿಂದ ಕೈಗೆ ದಾಟಿ ಹಳ್ಳಿಗೆ ಬರುತ್ತದೆ. ಚಿತ್ರಕ್ಕೆ ಆ ಸ್ವಾತಂತ್ರ್ಯ ಆಗ ಇರಲಿಲ್ಲ.

ಈಗ ಇದೆ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ. ‘ಘಟಶ್ರಾದ್ಧ’ವನ್ನೇ ನೋಡಿ, ಹಳೇ ನೆಗೆಟಿವ್ ತೊಳೆದು, ಗೆರೆ ಅಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಮೆರಿಕದ ದೊಡ್ಡ ನಿರ್ದೇಶಕ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆಯೂ ನಮ್ಮ ದೇಶದ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಸೇರಿ ಮಾಡಿದ ಕೆಲಸ. ವೆನಿಸ್ಸಿನವರು ನಲವತ್ತೇಳು ವರ್ಷದ ಹಿಂದಿನ ಕನ್ನಡ ಚಿತ್ರ ಕೂತು ನೋಡುತ್ತಾರೆ ಅಂದ ಮೇಲೆ ಹೊಳಲ್ಕೆರೆ ತಾಲ್ಲೂಕಿನವರು ನೋಡಬಾರದು ಅಂತ ಯಾವ ಕಾನೂನು?

ನಮ್ಮ ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನಮಗೆ ದಾರಿ ತೋರಿಸಿಕೊಟ್ಟಿದೆ. ಅಲ್ಲಿನ ಮಠದ ಪಂಡಿತಾರಾಧ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ ಎಂಬ ನಾಟಕ ತಂಡ ಕಟ್ಟಿದರು. ವರ್ಷಕ್ಕೆ ಮೂರು ನಾಟಕ ಕಲಿತು, ಲಾರಿಯಲ್ಲಿ ಸಾಮಾನು ಹೇರಿಕೊಂಡು ರಾಜ್ಯದ ಊರೂರು ತಿರುಗುತ್ತಾರೆ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಸಾವಿರಾರು ಜನ ರೈತಾಪಿಗಳು ಕೂತು ಗಂಭೀರ ನಾಟಕ ನೋಡುವುದನ್ನು ಕಂಡ ಮೇಲೂ ‘ಹಳ್ಳಿ ಜನಕ್ಕೆ ಅರ್ಥ ಆಗಲ್ಲ’ ಅನ್ನುವವನಿಗೆ ನಾನೇನೂ ಹೇಳುವುದಿಲ್ಲ. ನಟರು, ದೀಪ, ಪರದೆ ಎಲ್ಲ ಹೊತ್ತು ತಿರುಗುವ ನಾಟಕಕ್ಕೆ ಆಗುವುದು, ಒಂದು ಕೈಚೀಲದಲ್ಲಿ ಹಿಡಿಸುವ ಚಿತ್ರಕ್ಕೆ ಆಗದೇ?

ನನ್ನ ಸಲಹೆ ಸರಳ. ಊರಿಗೊಂದು ಹೈಸ್ಕೂಲಿದೆ, ಅಲ್ಲಿ ಪ್ರೊಜೆಕ್ಟರ್ ಇದ್ದರೆ ಸರಿ, ಇಲ್ಲದಿದ್ದರೆ ಮದುವೆ ವಿಡಿಯೋದವರ ಹತ್ತಿರ ಬಾಡಿಗೆಗೆ ಸಿಗುತ್ತದೆ. ಹಕ್ಕುದಾರರನ್ನು ಕೇಳಿ ಒಪ್ಪಿಗೆ ತರಬೇಕು, ಕಳ್ಳ ಆಟ ಬೇಡ, ಆ ಕೆಲಸ ಮೇಷ್ಟ್ರುಗಳು ಪತ್ರ ಬರೆದು ಮಾಡಬಹುದು. ತಿಂಗಳಿಗೊಂದು ಶನಿವಾರ ರಾತ್ರಿ, ಪ್ರಶಸ್ತಿ ಬಂದ ಒಂದು ಕನ್ನಡ ಚಿತ್ರ. ಮೊದಲನೆಯದು ‘ಹಂಸಗೀತೆ’ಯೇ ಆಗಲಿ. ಎರಡನೆಯದು ‘ಚೋಮನ ದುಡಿ’. ಫೋನಿನಲ್ಲೇ ನೋಡಬಹುದಲ್ಲ ಅನ್ನುವವರಿಗೆ: ನೋಡಿ, ಬೇಡ ಅನ್ನುವುದಿಲ್ಲ. ಆದರೆ ಒಬ್ಬನೇ ನೋಡಿದವನು ಬೇಸರ ಬಂದರೆ ಬೆರಳಾಡಿಸಿ ಮುಂದಕ್ಕೆ ಹೋಗುತ್ತಾನೆ. ಇನ್ನೂರು ಜನ ಒಟ್ಟಿಗೆ ಕೂತರೆ, ಬಾಲಮುರಳಿಯವರ ದನಿ ಏರಿದಾಗ ಪಕ್ಕದವನು ‘ಶ್!’ ಅನ್ನುತ್ತಾನೆ. ಆ ‘ಶ್!’ ಯಾವ ಕಮಲಕ್ಕೂ ಕಡಿಮೆಯದಲ್ಲ. ಅಯ್ಯರ್ ಗಳಿಸಬೇಕಾಗಿದ್ದೂ, ನಾವು ಕೊಡದೆ ಉಳಿಸಿಕೊಂಡದ್ದೂ ಅದನ್ನೇ.

ಯಾವ ಊರಿನವರು ಮೊದಲು ಆಟ ಏರ್ಪಡಿಸುತ್ತೀರೋ, ಒಂದು ಕಾರ್ಡು ಹಾಕಿ. ಎಷ್ಟು ಜನ ಬಂದರು, ಎಷ್ಟು ಜನ ಕೊನೆಯವರೆಗೂ ಕೂತರು, ಎದ್ದು ಹೋದವರು ಏನಂದರು, ಎಲ್ಲ ಬರೆಯಿರಿ. ಬೈಗುಳವಿದ್ದರೂ ಸರಿ, ಇದೇ ಪುಟದಲ್ಲಿ ಅಚ್ಚು ಹಾಕಿಸುತ್ತೇನೆ. ಚಾಪೆ ಮಾತ್ರ ನೀವೇ ತರಬೇಕು.